ಕಂಬಿಯ ಲೆಕ್ಕ: ಗೆರೆ ಎಲ್ಲಿ ಎಳೆಯಬೇಕು?

ಬೆಂಗಳೂರಿನ ಜಯನಗರದಲ್ಲಿ ಒಂದು ಶನಿವಾರ ಸಂಜೆ ಆಡಿದ ಮಾತುಗಳ ಬರಹ ರೂಪ ಇದು. ಕೇಳಲು ಬಂದವರಲ್ಲಿ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಮನೆ ಕಟ್ಟಿಸುತ್ತಿರುವವರು, ಗುತ್ತಿಗೆದಾರರು, ಒಂದಿಬ್ಬರು ಮೇಸ್ತ್ರಿಗಳು ಇದ್ದರು. ಮಾತಿನ ಭರದಲ್ಲಿ ಬಿಟ್ಟುಹೋದ ಕೆಲವು ಅಂಕಿಗಳನ್ನು ಬರೆಯುವಾಗ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಮೇಜಿನ ಮೇಲಿರುವ ಈ ಕಂಬಿ ನೋಡಿ. ಕಾಂಕ್ರೀಟಿನೊಳಗೆ ಹಾಕುವ 12 ಎಂಎಂ ಟಿಎಂಟಿ ಉಕ್ಕಿನ ಕಂಬಿ, ಉದ್ದ ಒಂದು ಮೀಟರ್. ನಮ್ಮ ಬೀದಿಯಲ್ಲಿ ಏಳುತ್ತಿರುವ ಮನೆಯ ಮೇಸ್ತ್ರಿಯವರನ್ನು ಕೇಳಿ ತಂದದ್ದು. ತೂಕ 890 ಗ್ರಾಂ. ಪಕ್ಕದಲ್ಲಿ ಮೂರು ಪೊಟ್ಟಣ ಇವೆ. ದೊಡ್ಡದರಲ್ಲಿ 1,200 ಗ್ರಾಂ ಕಬ್ಬಿಣದ ಅದಿರು, ಇನ್ನೊಂದರಲ್ಲಿ 700 ಗ್ರಾಂ ಕಲ್ಲಿದ್ದಲು, ಚಿಕ್ಕದರಲ್ಲಿ 240 ಗ್ರಾಂ ಸುಣ್ಣದಕಲ್ಲು. ಬ್ಲಾಸ್ಟ್ ಫರ್ನೇಸ್‌ನಲ್ಲಿ, ಅಂದರೆ ಊದುಕುಲುಮೆಯಲ್ಲಿ, ಇಷ್ಟು ಕಂಬಿಗಾಗುವ ಉಕ್ಕು ಮಾಡಲು ಜಗತ್ತಿನ ಸರಾಸರಿ ಪ್ರಕಾರ ಹೆಚ್ಚುಕಡಿಮೆ ಇಷ್ಟು ಸಾಮಾನು ಬೇಕು. ಜೊತೆಗೆ ಒಂದು ಹಿಡಿ ಗುಜರಿ. ಅದಿರಿನ ಪೊಟ್ಟಣ ಕೈಯಿಂದ ಕೈಗೆ ಹೋಗಲಿ, ಮುಟ್ಟಿ ನೋಡಿ. ಬೆರಳಿಗೆ ಹತ್ತುವ ಆ ಕೆಂಪು ಬಣ್ಣ ಸೋಪು ಹಾಕಿದರೂ ಬೇಗ ಬಿಡುವುದಿಲ್ಲ. ಸಂಡೂರಿನ ಕಡೆ ಮನೆಗಳ ಗೋಡೆ, ಮರದ ಎಲೆ, ಒಣಹಾಕಿದ ಬಟ್ಟೆ ಎಲ್ಲದರ ಮೇಲೂ ಇದೇ ಬಣ್ಣ ಕೂತದ್ದನ್ನು ನಾನು ಕಂಡಿದ್ದೇನೆ.

ನಾಲ್ಕನೆಯದೊಂದನ್ನು ತರಲು ಆಗಲಿಲ್ಲ. ಈ ಒಂದು ಮೀಟರ್ ಕಂಬಿ ಮಾಡುವಾಗ ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡ್ ಅದು. ನಮ್ಮ ದೇಶದ ಸರಾಸರಿ ಹಿಡಿದರೆ ಸುಮಾರು 2.2 ಕೆಜಿ. ತಾರಸಿಯ ಮೇಲೆ ಸಾವಿರ ಲೀಟರಿನ ಕಪ್ಪು ನೀರಿನ ಟ್ಯಾಂಕ್ ಇರುತ್ತದಲ್ಲ, ಅದು ಪೂರ್ತಿ ತುಂಬಿ ಇನ್ನೂ ಮಿಗುವಷ್ಟು ಅನಿಲ.

ಇಷ್ಟೇ ಹೇಳಿ ಕೂತುಬಿಟ್ಟರೆ ಉಪನ್ಯಾಸ ಸುಲಭವಾಗಿ ಮುಗಿಯುತ್ತಿತ್ತು. ಆದರೆ ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಇಂಥ ಲೆಕ್ಕಗಳನ್ನೇ ಮಾಡಿಕೊಂಡು ಬಂದವಳು. ಆ 2.2 ಎಂಬ ಅಂಕಿ ಎಲ್ಲಿಂದ ಶುರುವಾಗಿ ಎಲ್ಲಿಗೆ ನಿಂತಿತು, ಅದರೊಳಗೆ ಏನಿದೆ, ಏನನ್ನು ಹೊರಗೆ ಬಿಟ್ಟಿದ್ದಾರೆ ಎಂದು ಕೇಳದೆ ಯಾವ ಅಂಕಿಯನ್ನೂ ನಾನು ಈಗ ಒಪ್ಪುವುದಿಲ್ಲ. ಇವತ್ತು ನಿಮ್ಮ ಮುಂದೆ ಇಡಬೇಕೆಂದು ಬಂದ ಮಾತು ಅದೊಂದೇ.

ಈ ವಿದ್ಯೆಯ ಹೆಸರು ಜೀವನಚಕ್ರ ಮೌಲ್ಯಮಾಪನ. ಎಲ್‌ಸಿಎ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಒಂದು ವಸ್ತು ಮಣ್ಣಿನಿಂದ ಎದ್ದು, ತಯಾರಾಗಿ, ಬಳಕೆಯಾಗಿ, ಮತ್ತೆ ಗುಜರಿಗೋ ಮಣ್ಣಿಗೋ ಸೇರುವ ತನಕ ಅದು ತೆಗೆದುಕೊಂಡದ್ದೆಷ್ಟು, ಬಿಟ್ಟದ್ದೆಷ್ಟು ಎಂದು ಲೆಕ್ಕ ಇಡುವುದು. 1969ರಲ್ಲಿ ಅಮೆರಿಕದಲ್ಲಿ ಕೋಕಾ-ಕೋಲಾ ಕಂಪನಿ ಗಾಜಿನ ಬಾಟಲಿ ಮೇಲೋ ಬೇರೆ ಡಬ್ಬಿ ಮೇಲೋ ಎಂದು ತಿಳಿಯಲು ಮಾಡಿಸಿದ ಅಧ್ಯಯನವನ್ನು ಇದರ ಮೊದಲ ಹೆಜ್ಜೆಗಳಲ್ಲಿ ಒಂದೆಂದು ಎಣಿಸುತ್ತಾರೆ. ಈಗಿನ ನಿಯಮಗಳು ಐಎಸ್‌ಒ 14040 ಮತ್ತು 14044ರಲ್ಲಿವೆ, ಎರಡೂ 2006ರವು. ಉಕ್ಕಿಗೆಂದೇ 2018ರಲ್ಲಿ ಐಎಸ್‌ಒ 20915 ಬಂತು. ಹಂತಗಳು ನಾಲ್ಕು: ಗುರಿ ಮತ್ತು ಗಡಿ ಗೊತ್ತುಮಾಡುವುದು, ಒಳಬಂದದ್ದು ಹೊರಹೋದದ್ದರ ಪಟ್ಟಿ ಮಾಡುವುದು, ಅದರ ಪರಿಣಾಮ ಅಳೆಯುವುದು, ಕೊನೆಗೆ ಅದರ ಅರ್ಥ ಬಿಡಿಸುವುದು. ಪಟ್ಟಿ ಮಾಡುವುದಕ್ಕೆ ಶ್ರಮ ಹೆಚ್ಚು. ಆದರೆ ಪೂರ್ತಿ ಲೆಕ್ಕದ ಹಣೆಬರಹ ನಿರ್ಧಾರವಾಗುವುದು ಮೊದಲನೆಯ ಹಂತದಲ್ಲಿ, ಗಡಿಯ ಗೆರೆ ಎಳೆಯುವಾಗ.

ಈ ಬಗೆಯ ಯೋಚನೆ ಬೆಂಗಳೂರಿಗೆ ಹೊಸತಲ್ಲ ಎಂಬುದನ್ನು ಸಂತೋಷದಿಂದ ಹೇಳುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಆಸ್ತ್ರ ಕೇಂದ್ರದ ಬಳಗ ಹಳ್ಳಿಯ ಒಲೆ, ಮಣ್ಣಿನ ಇಟ್ಟಿಗೆಗಳ ಮೇಲೆ ಕೆಲಸ ಮಾಡುತ್ತಾ, ಕಟ್ಟಡ ಸಾಮಗ್ರಿಗಳ ಒಳಗೆ ಅಡಗಿರುವ ಶಕ್ತಿಯ ಲೆಕ್ಕಕ್ಕೂ ಕೈಹಾಕಿತು. 2003ರಲ್ಲಿ ಅಲ್ಲಿಂದ ಹೊರಬಂದ ಪಟ್ಟಿಯಲ್ಲಿ ಒಂದು ಕೆಜಿ ಸಿಮೆಂಟಿಗೆ 5.85 ಮೆಗಾಜೂಲ್, ಒಂದು ಕೆಜಿ ಉಕ್ಕಿಗೆ 42 ಮೆಗಾಜೂಲ್ ಎಂದಿತ್ತು. ಒಂದು ಕೆಜಿ ಕಂಬಿಯೊಳಗೆ ಏಳು ಕೆಜಿ ಸಿಮೆಂಟಿನ ಶಕ್ತಿ! ಆ ಪಟ್ಟಿ ಮೊದಲ ಸಲ ಕಣ್ಣಿಗೆ ಬಿದ್ದ ದಿನ ನನಗೆ ಚೆನ್ನಾಗಿ ನೆನಪಿದೆ. ಅಲ್ಲಿಯವರೆಗೆ ಕಂಬಿಯನ್ನು ನಾನು ತೂಕ, ಬೆಲೆ, ಬಲ ಎಂದಷ್ಟೇ ನೋಡಿದ್ದೆ.

ಈಗ ನಮ್ಮೂರಿನ ಮಾತು. ನಾನು ಬೆಳೆದದ್ದು ಭದ್ರಾವತಿಯ ನ್ಯೂಟೌನಿನಲ್ಲಿ. ಅಪ್ಪ ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಅಜ್ಜ ಅದೇ ಕಾರ್ಖಾನೆಗೆ ಕಾಡಿನಿಂದ ಸೌದೆ ಸಾಗಿಸುವ ಕೆಲಸದಲ್ಲಿದ್ದವರು. ಮೈಸೂರು ಸಂಸ್ಥಾನದ ಕಾಲ, ವಿಶ್ವೇಶ್ವರಯ್ಯನವರ ಕನಸು. 1918ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ಕಬ್ಬಿಣ ಹರಿಯಿತು. ಅದಿರು ಕೆಮ್ಮಣ್ಣುಗುಂಡಿಯದು. ಕಲ್ಲಿದ್ದಲು ಮಾತ್ರ ನಮ್ಮ ನಾಡಿನಲ್ಲಿ ಇಲ್ಲ. ಅದಕ್ಕೆ ಮಲೆನಾಡಿನ ಕಾಡಿನ ಮರ ಕಡಿದು, ಇದ್ದಿಲು ಮಾಡಿ, ಆ ಇದ್ದಿಲಿನಿಂದ ಅದಿರು ಕರಗಿಸಿದರು. ಮರ ಸುಡುವಾಗ ಬರುವ ಹೊಗೆಯನ್ನೂ ಬಿಡದೆ ತಣ್ಣಗೆ ಮಾಡಿ ಮರದ ಸ್ಪಿರಿಟ್, ಟಾರು ತೆಗೆಯುತ್ತಿದ್ದರು. ಕಸವನ್ನು ರಸ ಮಾಡುವ ಆ ಜಾಣತನದ ಬಗ್ಗೆ ನಮ್ಮ ಊರಿನವರಿಗೆ ಇವತ್ತಿಗೂ ಹೆಮ್ಮೆ, ನನಗೂ. 1950ರ ದಶಕದಲ್ಲಿ ಜೋಗದ ವಿದ್ಯುತ್ತಿನಿಂದ ನಡೆಯುವ ಕುಲುಮೆಗಳೂ ಬಂದವು.

ಇದ್ದಿಲಿನ ಆ ಕಬ್ಬಿಣ ಹಸಿರೋ ಅಲ್ಲವೋ? ಕುಲುಮೆಯ ಬಾಯಲ್ಲಿ ನಿಂತು ಅಳೆದರೆ ಇದ್ದಿಲಿನಿಂದ ಬರುವ ಹೊಗೆಗೂ ಕಲ್ಲಿದ್ದಲಿನ ಹೊಗೆಗೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಗೆರೆಯನ್ನು ಕಾಡಿನ ತನಕ ಎಳೆದರೆ, ಕಡಿದ ಮರ ಮತ್ತೆ ಬೆಳೆದು ಅದೇ ಇಂಗಾಲವನ್ನು ಹೀರಿಕೊಳ್ಳುತ್ತದೆ, ಲೆಕ್ಕ ಸೊನ್ನೆಗೆ ಹತ್ತಿರ ಬರುತ್ತದೆ. ಇನ್ನೂ ಸ್ವಲ್ಪ ಮುಂದೆ ಎಳೆದು, ಕಡಿದ ಜಾಗದಲ್ಲಿ ನಿಜವಾಗಿ ಕಾಡು ಮರಳಿತೇ, ಎಷ್ಟು ವರ್ಷಕ್ಕೆ ಮರಳಿತು, ನಾನಾ ಜಾತಿಯ ಮರಗಳಿದ್ದ ಕಡೆ ಒಂದೇ ಜಾತಿಯ ನೆಡುತೋಪು ಬಂತೇ ಎಂದು ಕೇಳಿದರೆ ಉತ್ತರ ಮತ್ತೆ ಬದಲಾಗುತ್ತದೆ. ಕಬ್ಬಿಣ ಅದೇ, ಕುಲುಮೆ ಅದೇ. ಗೆರೆ ಸರಿದ ಹಾಗೆ ಉತ್ತರವೂ ಸರಿಯಿತು. ಅಜ್ಜ ಕೊನೆಗಾಲದಲ್ಲಿ ತಾವು ಕಂಡಿದ್ದ ಕಾಡಿನ ಹೆಸರುಗಳನ್ನು ಹೇಳುತ್ತಿದ್ದರು. ಅದರಲ್ಲಿ ಎಷ್ಟೋ ಜಾಗಗಳನ್ನು ನಾನು ಕಂಡಾಗ ಅಲ್ಲಿ ಕಾಡಿರಲಿಲ್ಲ.

ಉಕ್ಕು ಮಾಡುವಾಗ ಇಷ್ಟೊಂದು ಇಂಗಾಲ ಯಾಕೆ ಬರುತ್ತದೆ ಎಂದು ತಿಳಿಯದಿದ್ದರೆ ಮುಂದಿನ ಮಾತು ಹತ್ತುವುದಿಲ್ಲ. ಬಿಸಿ ಮಾಡುವುದಕ್ಕೆ ಕಲ್ಲಿದ್ದಲು ಎಂದು ಹಲವರು ತಿಳಿದಿದ್ದಾರೆ. ಅದು ಅರ್ಧ ನಿಜ. ಅದಿರಿನಲ್ಲಿ ಕಬ್ಬಿಣ ಆಮ್ಲಜನಕದ ಕೈ ಹಿಡಿದುಕೊಂಡಿದೆ. ಆ ಹಿಡಿತ ಬಿಡಿಸಿ ಆಮ್ಲಜನಕವನ್ನು ಎತ್ತಿಕೊಂಡು ಹೋಗಲು ಇಂಗಾಲ ಬೇಕು. ಊದುಕುಲುಮೆಯಲ್ಲಿ ಈ ಕೆಲಸ ಹೆಚ್ಚಾಗಿ ಮಾಡುವುದು ಇಂಗಾಲದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲ. ಅದರ ರಸಾಯನ ಸಮೀಕರಣ ಬರೆದು ನೋಡಿದರೆ ಒಂದು ಟನ್ ಕಬ್ಬಿಣ ಬಿಡಿಸಿಕೊಳ್ಳುವುದಕ್ಕೇ ಸುಮಾರು 1.2 ಟನ್ ಇಂಗಾಲದ ಡೈಆಕ್ಸೈಡ್ ಏಳುತ್ತದೆ, ಒಂದು ಚೂರೂ ಬಿಸಿ ನಷ್ಟವಾಗದಿದ್ದರೂ ಕೂಡ. ಅಂದಮೇಲೆ ಎಷ್ಟೇ ಒಳ್ಳೆಯ ಊದುಕುಲುಮೆ ಕಟ್ಟಿದರೂ ಅದಕ್ಕಿಂತ ಬಹಳ ಕೆಳಗೆ ಇಳಿಯುವುದು ಕಷ್ಟ. ಜಗತ್ತಿನ ಸರಾಸರಿ ಊದುಕುಲುಮೆ ದಾರಿಯಲ್ಲಿ ಟನ್ ಉಕ್ಕಿಗೆ 2.3 ಟನ್ ಆಸುಪಾಸು. ಗುಜರಿ ಕರಗಿಸುವ ವಿದ್ಯುತ್ ಕುಲುಮೆಯಲ್ಲಿ 0.7. ಎಲ್ಲ ದಾರಿಗಳನ್ನೂ ಸೇರಿಸಿದ ಜಗತ್ತಿನ ಸರಾಸರಿ 1.9, ನಮ್ಮ ದೇಶದ್ದು 2.5. ಗುಜರಿ ನಮ್ಮಲ್ಲಿ ಕಡಿಮೆ, ಅದಿರಿನ ಗುಣ ಅಷ್ಟಕ್ಕಷ್ಟೆ, ಬಳ್ಳಾರಿಯ ಸುತ್ತಲೂ ಕಾಣುವಂಥ ಕಲ್ಲಿದ್ದಲು ಬಳಸುವ ಸ್ಪಾಂಜ್ ಐರನ್ ಘಟಕಗಳು, ಅಂದರೆ ಅದಿರನ್ನು ಕರಗಿಸದೆಯೇ ಕಬ್ಬಿಣ ಮಾಡುವ ಘಟಕಗಳು ಬಹಳ. 2018ರಿಂದ ನಾವು ಉಕ್ಕು ತಯಾರಿಕೆಯಲ್ಲಿ ಜಗತ್ತಿಗೆ ಎರಡನೆಯವರು. ಉಕ್ಕು ಬೇಡ ಎನ್ನುವ ಸ್ಥಿತಿಯಲ್ಲಿ ನಾವಿಲ್ಲ. ಸೇತುವೆ, ಆಸ್ಪತ್ರೆ, ಮೆಟ್ರೋ ಎಲ್ಲಕ್ಕೂ ಬೇಕು.

ಈಗ ಗೆರೆಯ ಮಾತಿಗೆ ಬರೋಣ. ಕೇಂದ್ರ ಉಕ್ಕು ಸಚಿವಾಲಯ 2024ರ ಡಿಸೆಂಬರ್‌ನಲ್ಲಿ ಹಸಿರು ಉಕ್ಕು ಅಂದರೆ ಏನು ಎಂದು ಗೊತ್ತುಮಾಡಿತು. ಒಂದು ಟನ್ ಸಿದ್ಧ ಉಕ್ಕಿಗೆ ಏಳುವ ಇಂಗಾಲದ ಡೈಆಕ್ಸೈಡ್ 2.2 ಟನ್‌ಗಿಂತ ಕಡಿಮೆ ಇದ್ದರೆ ಹಸಿರು. 2.0ರಿಂದ 2.2ರ ತನಕ ಮೂರು ನಕ್ಷತ್ರ, 1.6ರಿಂದ 2.0ರ ತನಕ ನಾಲ್ಕು, 1.6ಕ್ಕಿಂತ ಕಡಿಮೆಯಾದರೆ ಐದು. ಇಂಥದ್ದೊಂದು ಅಳತೆಗೋಲು ಬಂದದ್ದು ಒಳ್ಳೆಯದಾಯಿತು ಎಂದೇ ನನ್ನ ಅಭಿಪ್ರಾಯ. ಯುರೋಪಿಗೆ ಉಕ್ಕು ಕಳಿಸುವವರಿಗೆ 2026ರ ಜನವರಿಯಿಂದ ಇಂಗಾಲದ ಲೆಕ್ಕಕ್ಕೆ ಬೆಲೆ ಬಂದಿದೆ. ಮನೆಯಲ್ಲೇ ಅಳತೆ ಇಲ್ಲದಿದ್ದರೆ ಹೊರಗಿನವರ ಅಳತೆಗೆ ತಲೆಬಾಗಬೇಕಾಗುತ್ತದೆ. ಈ ಅಳತೆ ಕಾರ್ಖಾನೆಯ ಹೊಗೆ, ಕೊಂಡ ವಿದ್ಯುತ್ತು, ಕೋಕ್ (ಗಾಳಿಯಾಡದಂತೆ ಕಾಯಿಸಿದ ಕಲ್ಲಿದ್ದಲು), ಪೆಲೆಟ್ ಮತ್ತು ಸಿಂಟರ್ (ಉಂಡೆ, ಹೆಂಟೆ ಮಾಡಿದ ಅದಿರಿನ ಪುಡಿ), ಕೊಂಡುತಂದ ಕಚ್ಚಾ ವಸ್ತು ಇವೆಲ್ಲವನ್ನೂ ಒಳಗೆ ತೆಗೆದುಕೊಳ್ಳುತ್ತದೆ. ಗಣಿಗಾರಿಕೆಯನ್ನು, ಸಾಗಾಟವನ್ನು ಹೊರಗೆ ಬಿಡುತ್ತದೆ.

ಹೊರಗೆ ಬಿಟ್ಟದ್ದು ಸರಿಯೇ? ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು, ಕೋಪ ಮಾಡಿಕೊಂಡರೆ ಲೆಕ್ಕ ತಪ್ಪುತ್ತದೆ. ಬಳ್ಳಾರಿ ಬಳಿಯ ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲಿನ, ಅಂದರೆ ಕೋಕ್ ಮಾಡಲು ಬರುವ ಕಲ್ಲಿದ್ದಲಿನ ಬಹುಪಾಲು ಹಡಗಿನಲ್ಲಿ ಬರುತ್ತದೆ. ಆಸ್ಟ್ರೇಲಿಯಾದಿಂದ ಸಮುದ್ರ ದಾಟಿ, ಗೋವಾದ ಮರ್ಮಗೋವಾ ಬಂದರಿನಲ್ಲಿ ಇಳಿದು, ಕ್ಯಾಸಲ್‌ರಾಕ್ ಘಟ್ಟ ಹತ್ತಿ, ಹುಬ್ಬಳ್ಳಿ, ಗದಗ, ಹೊಸಪೇಟೆ ಹಾದು ರೈಲಿನಲ್ಲಿ ಬರುತ್ತದೆ. ಅಷ್ಟು ದೂರದ ಪಯಣ, ಎಷ್ಟು ಹೊಗೆ ಇರಬಹುದು ಎಂದು ನನಗೂ ಮೊದಲು ಗಾಬರಿಯಾಗಿತ್ತು. ಲೆಕ್ಕ ಹಾಕಿದರೆ ಟನ್ ಉಕ್ಕಿನ ಎರಡು ಚಿಲ್ಲರೆ ಟನ್ ಇಂಗಾಲದಲ್ಲಿ ಹಡಗಿನ ಪಾಲು ಸಣ್ಣದು. ದೊಡ್ಡ ಹಡಗು ಒಂದು ಟನ್ ಸರಕನ್ನು ಬಹಳ ಕಡಿಮೆ ಎಣ್ಣೆಯಲ್ಲಿ ದೂರ ಒಯ್ಯುತ್ತದೆ. ಕಲ್ಲಿದ್ದಲಿನ ಗಣಿಯಿಂದ ಸೋರುವ ಮೀಥೇನ್ ಹೆಚ್ಚು ಚಿಂತೆಯ ವಿಷಯ. ಅದು ನೂರು ವರ್ಷದ ಅಳತೆಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಹತ್ತಿರಹತ್ತಿರ ಮೂವತ್ತು ಪಟ್ಟು ಬಿಸಿ ಹಿಡಿಯುತ್ತದೆ. ಅದೂ ಗೆರೆಯ ಹೊರಗೇ ಉಳಿದಿದೆ. ಎಲ್‌ಸಿಎ ಮಾಡಿದವರಿಗೆ ಸಿಗುವ ಮೊದಲ ಲಾಭ ಇದು: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂದು ತಿಳಿಯುತ್ತದೆ.

ಆದರೆ ಇಂಗಾಲವೊಂದೇ ಪರಿಣಾಮವಲ್ಲ. ಸಂಡೂರಿನಿಂದ ಹೊರಡುತ್ತಿದ್ದ ಅದಿರು ಲಾರಿಗಳನ್ನು ತೆಗೆದುಕೊಳ್ಳಿ. ಇಂಗಾಲದ ಪಟ್ಟಿಯಲ್ಲಿ ಆ ಲಾರಿಗಳು ಕೊನೆಯ ಸಾಲಿನಲ್ಲೆಲ್ಲೋ ಇರುತ್ತವೆ. ಧೂಳಿನ ಪಟ್ಟಿ ಮಾಡಿದರೆ ಅವೇ ಮೊದಲು. ರಸ್ತೆಯ ಅಕ್ಕಪಕ್ಕದ ಹೊಲದವರಿಗೆ, ಶಾಲೆಗೆ ನಡೆದು ಹೋಗುವ ಮಕ್ಕಳಿಗೆ ಉಕ್ಕಿನ ಪರಿಣಾಮ ಎಂದರೆ ಆ ಧೂಳು, ಇನ್ನೇನೂ ಅಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂದು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಆಮೇಲೆ ಗಣಿಗಳಿಗೆ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು, ತೆಗೆಯುವ ಅದಿರಿಗೆ ಮಿತಿ ಬಂತು, ಕನ್ವೇಯರ್ ಬೆಲ್ಟುಗಳು ಬಂದವು. ಅವುಗಳಿಂದ ಆದ ಒಳ್ಳೆಯದು ಇಂಗಾಲದ ಅಂಕಿಯಲ್ಲಿ ಕಾಣಿಸುವುದೇ ಇಲ್ಲ. ಕಾಣಿಸದ್ದಕ್ಕೆ ನಕ್ಷತ್ರವೂ ಸಿಗುವುದಿಲ್ಲ, ದುಡ್ಡೂ ಹುಟ್ಟುವುದಿಲ್ಲ. ನನ್ನನ್ನು ಕಾಡುವುದು ಇದು.

ಇದಕ್ಕಿಂತ ಕಣ್ಣಿಗೆ ಕಟ್ಟುವ ಉದಾಹರಣೆ ಕುದುರೆಮುಖ. ಅಲ್ಲಿಯ ಅದಿರಿನಲ್ಲಿ ಕಬ್ಬಿಣ ಕಡಿಮೆ. ಅದನ್ನು ನುಣ್ಣಗೆ ಅರೆದು, ಕಬ್ಬಿಣದ ಪಾಲು ಬೇರೆ ಮಾಡಿ, ನೀರಿನಲ್ಲಿ ಕಲಸಿ, ಘಟ್ಟದ ಮೇಲಿನಿಂದ ಮಂಗಳೂರಿಗೆ ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಹರಿಸುತ್ತಿದ್ದರು. ಲಾರಿಯಿಲ್ಲ, ಧೂಳಿಲ್ಲ, ಇಳಿಜಾರಿನ ಸಹಾಯ ಬೇರೆ. ಸಾಗಾಟದ ಇಂಗಾಲದ ಲೆಕ್ಕದಲ್ಲಿ ಅದಕ್ಕಿಂತ ಚೆಂದದ ವ್ಯವಸ್ಥೆ ಹುಡುಕುವುದು ಕಷ್ಟ. ಅರೆದು ಉಳಿದ ಮಣ್ಣು ಮಾತ್ರ ಲಕ್ಯಾ ಹಳ್ಳಕ್ಕೆ ಕಟ್ಟಿದ ಅಣೆಕಟ್ಟಿನ ಹಿಂದೆ ತುಂಬುತ್ತಾ ಹೋಯಿತು. ಅಗೆದ ಗುಡ್ಡದ ಹೂಳು ಮಳೆಗಾಲದಲ್ಲಿ ಭದ್ರೆಗೆ ಇಳಿಯಿತು. ಭದ್ರೆ ಹುಟ್ಟುವ ಗಂಗಾಮೂಲ ಅದೇ ಬೆಟ್ಟಸಾಲಿನಲ್ಲಿದೆ. ಅದೇ ನದಿಯ ನೀರನ್ನು ಕೆಳಗೆ ನಮ್ಮ ಭದ್ರಾವತಿಯವರು ಕುಡಿಯುವುದು. ರಾಷ್ಟ್ರೀಯ ಉದ್ಯಾನದ ನಡುವಿನ ಆ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಇಂಗಾಲದ ಗೆರೆಯೊಂದನ್ನೇ ಹಿಡಿದು ಕೂತಿದ್ದರೆ ಅದನ್ನು ನಿಲ್ಲಿಸಲು ಕಾರಣವೇ ಸಿಗುತ್ತಿರಲಿಲ್ಲ. ಪೂರ್ಣ ಎಲ್‌ಸಿಎಯಲ್ಲಿ ನೀರು, ನೆಲ, ಆಮ್ಲ ಮಳೆ, ಉಸಿರಿಗೆ ಸೇರುವ ಕಣ ಎಲ್ಲಕ್ಕೂ ಬೇರೆ ಬೇರೆ ಅಂಕಣ ಇದೆ. ಜೀವವೈವಿಧ್ಯಕ್ಕೆ ಇರುವ ಅಳತೆ ಇನ್ನೂ ಬಲಹೀನ, ಅದನ್ನು ಒಪ್ಪಿಕೊಳ್ಳಬೇಕು. ಹಾಗೆಂದು ಅಂಕಣವನ್ನೇ ಅಳಿಸಿಬಿಡುವುದಲ್ಲ. ಖಾಲಿ ಬಿಟ್ಟರೂ ಅಲ್ಲಿ ಒಂದು ಅಂಕಣ ಇದೆ ಎಂದು ಓದುವವರಿಗೆ ಕಾಣಬೇಕು.

ಮುಂದಿನದು ಕಿಟ್ಟದ ವಿಷಯ. ಊದುಕುಲುಮೆಯಲ್ಲಿ ಒಂದು ಟನ್ ಕಬ್ಬಿಣದ ಜೊತೆ 300ರಿಂದ 400 ಕೆಜಿ ಕಿಟ್ಟ, ಅಂದರೆ ಸ್ಲ್ಯಾಗ್ ಬರುತ್ತದೆ. ಕೆಂಡದಂತೆ ಹರಿಯುವ ಅದಕ್ಕೆ ಜೋರಾಗಿ ನೀರು ಹೊಡೆದರೆ ಮರಳಿನ ಹಾಗೆ ಪುಡಿಯಾಗುತ್ತದೆ. ಅದನ್ನು ಅರೆದು ಸಿಮೆಂಟಿಗೆ ಬೆರೆಸಬಹುದು. ಸುಣ್ಣದಕಲ್ಲು ಸುಟ್ಟು ಮಾಡುವ ಸಿಮೆಂಟಿನ ಮೂಲ ಗಟ್ಟಿಗೆ ಕ್ಲಿಂಕರ್ ಎನ್ನುತ್ತಾರೆ; ಅಷ್ಟು ಕ್ಲಿಂಕರ್ ಸುಡುವುದು ತಪ್ಪುತ್ತದೆ. ಒಂದು ಟನ್ ಕ್ಲಿಂಕರ್‌ಗೆ 0.8 ಟನ್‌ಗೂ ಮಿಕ್ಕು ಇಂಗಾಲದ ಡೈಆಕ್ಸೈಡ್, ಆದ್ದರಿಂದ ಈ ಉಳಿತಾಯ ದೊಡ್ಡದೇ: ಟನ್ ಕಬ್ಬಿಣದ ಲೆಕ್ಕಕ್ಕೆ ಹೆಚ್ಚುಕಡಿಮೆ ಕಾಲು ಟನ್. ಆ ಕಾಲು ಟನ್ ಪುಣ್ಯ ಯಾರದು, ಉಕ್ಕಿನವರದೋ ಸಿಮೆಂಟಿನವರದೋ?

ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಉಕ್ಕು ಕಾರ್ಖಾನೆಗೆ ಲೆಕ್ಕ ಮಾಡಿಕೊಟ್ಟೆ. ಕಿಟ್ಟದಿಂದ ಕ್ಲಿಂಕರ್ ಉಳಿಯಿತೆಂದು ಆ ಕಾಲು ಟನ್ನನ್ನು ಉಕ್ಕಿನಿಂದ ಕಳೆದೆ. ನಿಯಮದ ಪ್ರಕಾರ ತಪ್ಪೇನಿರಲಿಲ್ಲ. ಮೂರು ವರ್ಷದ ಮೇಲೆ ಬೆಂಗಳೂರಿನ ಒಂದು ದೊಡ್ಡ ಕಟ್ಟಡದ ಒಟ್ಟು ಲೆಕ್ಕ ನನ್ನ ಮೇಜಿಗೆ ಬಂತು. ಕಂಬಿ ಅದೇ ಕಾರ್ಖಾನೆಯದು. ಸಿಮೆಂಟು ಅದೇ ಕಿಟ್ಟ ಬೆರೆಸಿದ್ದು. ಸಿಮೆಂಟಿನವರು ಕಿಟ್ಟ ಬೇರೆಯವರ ಕಸ, ನಮಗೆ ಅದರ ಹೊರೆ ಸೊನ್ನೆ ಎಂದು ಬರೆದುಕೊಂಡು ತಮ್ಮ ಅಂಕಿ ಇಳಿಸಿಕೊಂಡಿದ್ದರು. ಒಂದೇ ಕಿಟ್ಟ ಒಂದೇ ಕಟ್ಟಡದಲ್ಲಿ ಎರಡು ಸಲ ಪುಣ್ಯ ಸಂಪಾದಿಸಿತ್ತು. ಆಕಾಶಕ್ಕೆ ಹೋದ ಹೊಗೆ ಒಂದೇ, ಕಾಗದದಲ್ಲಿ ಮಾತ್ರ ಕಾಣೆಯಾಗಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರ್ಖಾನೆಗೆ ಪತ್ರ ಬರೆದು, ಪುಣ್ಯದ ಅಂಕಿಯನ್ನು ಬೇರೆ ಸಾಲಿನಲ್ಲಿ ತೋರಿಸಿ, ಉಕ್ಕಿನ ಅಂಕಿಗೆ ಬೆರೆಸಬೇಡಿ ಎಂದು ಕೇಳಿಕೊಂಡೆ. ಅಂದಿನಿಂದ ನಾನು ಮಾಡಿದ ಪ್ರತಿ ವರದಿಯಲ್ಲೂ ಕಿಟ್ಟಕ್ಕೆ ಪ್ರತ್ಯೇಕ ಪುಟ ಇದೆ.

ಗುಜರಿಯದ್ದೂ ಇಂಥದೇ ತೊಡಕು. ಶಿವಾಜಿನಗರದ ಗುಜರಿ ಬೀದಿಗೆ ಹೋಗಿ ಒಂದು ಗಂಟೆ ನಿಂತು ನೋಡಿ. ಹಳೆಯ ಕಾರಿನ ಹೊಟ್ಟೆ ಬಗೆದು ಎಂಜಿನ್ ಬೇರೆ, ಬಾಗಿಲು ಬೇರೆ, ವೈರು ಬೇರೆ ಮಾಡುತ್ತಾರೆ. ವೈರು ಕಿತ್ತು ತೆಗೆಯುವ ಆ ಕೈಗಳ ಕೆಲಸಕ್ಕೆ ಎಷ್ಟು ಬೆಲೆ ಎಂದು ಲೋಹಶಾಸ್ತ್ರ ಓದಿದವರಿಗೆ ಗೊತ್ತು. ವೈರಿನ ತಾಮ್ರ ಉಕ್ಕಿನ ಜೊತೆ ಕರಗಿದರೆ ಮತ್ತೆ ಹೊರತೆಗೆಯುವುದಕ್ಕೆ ಸುಲಭದ ದಾರಿ ಇಲ್ಲ. ಬಿಸಿಯಲ್ಲಿ ರೋಲ್ ಮಾಡುವಾಗ ಆ ಉಕ್ಕು ಬಿರಿಯುತ್ತದೆ. ಒಂದೊಂದು ಸುತ್ತು ಕರಗಿಸಿದಾಗಲೂ ತಾಮ್ರ ಕೂಡುತ್ತಾ ಹೋಗುತ್ತದೆ. ಯಾವ ಉಕ್ಕಿನ ಲೆಕ್ಕಪುಸ್ತಕದಲ್ಲೂ ಆ ಬೀದಿಯ ಕೈಗಳ ಕೆಲಸಕ್ಕೆ ಒಂದು ಸಾಲು ಸಿಗುವುದಿಲ್ಲ. ಸಿಗಬೇಕು.

ಗುಜರಿ ಉಕ್ಕಿಗೆ 0.7 ಎಂದೆನಲ್ಲ, ಅದರೊಳಗೆ ಒಂದು ಊಹೆ ಅಡಗಿದೆ. ಅಜ್ಜಿಯ ಸರ ಕರಗಿಸಿ ಮೊಮ್ಮಗಳಿಗೆ ಬಳೆ ಮಾಡಿಸಿದೆವು ಅಂದುಕೊಳ್ಳಿ. ಗಣಿಯಿಂದ ಬಂಗಾರ ತೆಗೆದ ಹೊರೆ ಯಾರ ಲೆಕ್ಕಕ್ಕೆ? ಪೂರ್ತಿ ಅಜ್ಜಿಯ ಲೆಕ್ಕಕ್ಕೆ ಎಂದರೆ ಬಳೆಗೆ ಬರುವುದು ಕರಗಿಸಿದ ಬೆಂಕಿಯ ಹೊರೆ ಮಾತ್ರ. ಮುಂದೆ ಕರಗಿ ಬಳೆಯಾಗುತ್ತದೆ ಎಂದು ಅಜ್ಜಿಗೇ ಮೊದಲು ರಿಯಾಯಿತಿ ಕೊಟ್ಟರೆ, ಅದರ ಹೊರೆಯನ್ನು ಮೊಮ್ಮಗಳು ಹೊರಬೇಕು. ಎರಡೂ ಪದ್ಧತಿ ಚಾಲ್ತಿಯಲ್ಲಿವೆ, ಎರಡಕ್ಕೂ ಸಮರ್ಥನೆ ಇದೆ. ಅದಿರಿನಿಂದ ಉಕ್ಕು ಮಾಡುವವರು ಒಂದನ್ನು, ಗುಜರಿ ಕುಲುಮೆಯವರು ಇನ್ನೊಂದನ್ನು ಮೆಚ್ಚುತ್ತಾರೆ. ಕೊಳ್ಳುವವರು ಎರಡರ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ಮೋಸಹೋಗುತ್ತಾರೆ. ಇನ್ನೊಂದು ಮಾತೂ ಇದೆ. ಇವತ್ತು ಕಟ್ಟಿದ ಮನೆಯ ಕಂಬಿ ಗುಜರಿಗೆ ಬರುವುದು ಐವತ್ತು ವರ್ಷದ ಮೇಲೆ. ಈಗ ಸಿಗುವ ಗುಜರಿ ನಮ್ಮ ಅಪ್ಪಂದಿರ ಕಾಲದಲ್ಲಿ ಕಟ್ಟಿದಷ್ಟೇ, ಅದು ಬಹಳ ಕಡಿಮೆ. ಇದ್ದಷ್ಟು ಗುಜರಿಯನ್ನು ಒಬ್ಬರು ಕೊಂಡು ನಕ್ಷತ್ರ ಪಡೆದರೆ, ಗುಜರಿ ಸಿಗದ ಇನ್ನೊಬ್ಬರು ಅದಿರಿಗೆ ಹೋಗುತ್ತಾರೆ. ದೇಶದ ಒಟ್ಟು ಹೊಗೆ ಅಷ್ಟೇ ಇರುತ್ತದೆ.

ಹೈಡ್ರೋಜನ್ ಬಗ್ಗೆ ಕೇಳಲೇಬೇಕೆಂದು ಹಲವರು ಬಂದಿದ್ದೀರಿ, ಗೊತ್ತು. ಇಂಗಾಲದ ಬದಲು ಹೈಡ್ರೋಜನ್ ಆಮ್ಲಜನಕವನ್ನು ಎತ್ತಿಕೊಂಡು ಹೋದರೆ ಹೊಗೆಯ ಬದಲು ನೀರಾವಿ ಬರುತ್ತದೆ. ಸ್ವೀಡನ್ನಿನ ಲೂಲಿಯೋದಲ್ಲಿ 2020ರಲ್ಲಿ ಶುರುವಾದ ಹೈಬ್ರಿಟ್ ಪ್ರಾಯೋಗಿಕ ಘಟಕ ಹೀಗೇ ಕಬ್ಬಿಣ ಮಾಡಿ ತೋರಿಸಿದೆ. ಬಹಳ ಆಸೆ ಹುಟ್ಟಿಸುವ ಕೆಲಸ. ಈಗ ಬೋರ್ಡಿನ ಮೇಲೆ ಲೆಕ್ಕ ಮಾಡೋಣ. ಒಂದು ಟನ್ ಕಬ್ಬಿಣಕ್ಕೆ 54 ಕೆಜಿ ಹೈಡ್ರೋಜನ್. ನೀರು ಒಡೆದು ಒಂದು ಕೆಜಿ ಹೈಡ್ರೋಜನ್ ಮಾಡಲು 50ರಿಂದ 55 ಯೂನಿಟ್ ಕರೆಂಟು. ಒಟ್ಟು 2,800 ಯೂನಿಟ್ ಎನ್ನೋಣ. ಗೃಹಜ್ಯೋತಿಯ 200 ಯೂನಿಟ್ ಮಿತಿಯನ್ನು ಪೂರ್ತಿ ಬಳಸುವ ಮನೆಗೆ 14 ತಿಂಗಳು ಬರುವಷ್ಟು ಕರೆಂಟು, ಒಂದು ಟನ್ ಕಬ್ಬಿಣಕ್ಕೆ. ನಮ್ಮ ದೇಶದ ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸುಮಾರು 0.72 ಕೆಜಿ ಇಂಗಾಲದ ಡೈಆಕ್ಸೈಡ್. ಗುಣಿಸಿ: ಎರಡು ಟನ್! ಇನ್ನೂ ಕರಗಿಸಿಲ್ಲ, ರೋಲ್ ಮಾಡಿಲ್ಲ. ಕಾರ್ಖಾನೆಯ ಚಿಮಣಿಯಿಂದ ನೀರಾವಿ ಹೋಗುತ್ತಿರುತ್ತದೆ, ಹೊಗೆ ರಾಯಚೂರಿನ ಶಾಖೋತ್ಪನ್ನ ಕೇಂದ್ರದಂಥ ಕಡೆ ಏಳುತ್ತಿರುತ್ತದೆ. ಸ್ವೀಡನ್ನಿನ ಕರೆಂಟು ಬಹುಪಾಲು ನೀರಿನದು, ಅಣುವಿನದು. ಅಲ್ಲಿಗೆ ಸರಿಯಾದದ್ದು ಇಲ್ಲಿಗೆ ಹಾಗೇ ಸರಿಹೋಗುವುದಿಲ್ಲ. ಪಾವಗಡದ 2,050 ಮೆಗಾವಾಟಿನಂಥ ಸೋಲಾರ್ ಪಾರ್ಕುಗಳ ಕರೆಂಟನ್ನು ಉಕ್ಕಿಗೆಂದೇ ಹೊಸದಾಗಿ ಹುಟ್ಟಿಸಿದರೆ ಅಂಕಿ ಬೀಳುತ್ತದೆ. ಮನೆಗಳಿಗೆ ಹೋಗುತ್ತಿದ್ದ ಸೋಲಾರ್ ಕರೆಂಟನ್ನೇ ತಿರುಗಿಸಿಕೊಂಡರೆ ಹೊರೆ ಜಾಗ ಬದಲಿಸಿತು ಅಷ್ಟೆ.

ಕೊನೆಯದಾಗಿ, ಕೆಜಿ ಲೆಕ್ಕದ ಬಗ್ಗೆ. ನಾವು ಉಕ್ಕನ್ನು ಕೆಜಿಗೆ ಕೊಳ್ಳುತ್ತೇವೆ, ಮನೆಗೆ ಬೇಕಾದದ್ದು ಬಲ. ಎಲ್‌ಸಿಎಯಲ್ಲಿ ಏನನ್ನು ಹೋಲಿಸುತ್ತಿದ್ದೇವೆ ಎಂದು ಮೊದಲೇ ಬರೆಯಬೇಕು: ಈ ತೊಲೆ ಇಷ್ಟು ಭಾರವನ್ನು ಇಷ್ಟು ವರ್ಷ ಹೊರಬೇಕು ಎಂದು. ಕಂಬಿಯ ಹೆಸರಿನಲ್ಲಿರುವ ಅಂಕಿ ಅದರ ಬಲದ್ದು, ಅಂಕಿ ಹೆಚ್ಚಾದಷ್ಟೂ ಬಲ ಹೆಚ್ಚು. ಹಳೆಯ ಎಫ್ಇ 415 ಕಂಬಿಯ ಬದಲು ಎಫ್ಇ 500 ಹಾಕಿದರೆ, ಅದೇ ಎಳೆತಕ್ಕೆ ಉಕ್ಕು ನೂರಕ್ಕೆ 17ರಷ್ಟು ಕಡಿಮೆ ಸಾಕು. ಎಲ್ಲ ಕಡೆ ಇದು ನಡೆಯುವುದಿಲ್ಲ, ಕನಿಷ್ಠ ಕಂಬಿಯ ನಿಯಮ ಇದೆ, ಬಾಗುವಿಕೆಯ ಮಿತಿ ಇದೆ. ಆದರೂ ಯೋಚಿಸಿ: ಒಂದು ಕಾರ್ಖಾನೆ ಕೋಟಿಗಟ್ಟಲೆ ಸುರಿದು 2.2ರಿಂದ 2.0ಕ್ಕೆ ಇಳಿದರೆ ಅದು ನೂರಕ್ಕೆ 9. ಇಲ್ಲಿ ಕೂತಿರುವ ಡಿಸೈನ್ ಎಂಜಿನಿಯರುಗಳು ಡ್ರಾಯಿಂಗ್ ತಿದ್ದಿಯೇ ಅದಕ್ಕಿಂತ ಹೆಚ್ಚು ಇಳಿಸಬಲ್ಲರು.

ಆಮೇಲೆ ನಡೆದ ಮಾತುಕತೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಮನೆ ಕಟ್ಟಿಸುತ್ತಿರುವ ಹಿರಿಯರೊಬ್ಬರು ಎದ್ದು ಕೇಳಿದರು: "ಮೇಡಂ, 30-40 ಸೈಟು. ಎರಡು ಅಂತಸ್ತು. ನಾನು ಯಾವ ಕಂಬಿ ತಗೊಳ್ಳಲಿ ಹೇಳಿಬಿಡಿ." ನಾನು ಕಂಪನಿಯ ಹೆಸರು ಹೇಳಲಿಲ್ಲ. ಎರಡು ಸಾವಿರ ಚದರಡಿಗೆ, ಅಡಿಗೆ ನಾಲ್ಕು ಕೆಜಿಯಂತೆ ಎಂಟು ಟನ್ ಕಂಬಿ, ಅಂದರೆ ಇಪ್ಪತ್ತು ಟನ್ ಇಂಗಾಲದ ಡೈಆಕ್ಸೈಡ್ ಎಂದು ಮೊದಲು ಲೆಕ್ಕ ಹೇಳಿದೆ. ಅಂಗಡಿಯವರ ಹತ್ತಿರ ಇಪಿಡಿ, ಅಂದರೆ ಪರಿಸರ ಘೋಷಣಾ ಪತ್ರ ಇದೆಯೇ ಎಂದು ಕೇಳಿ. ಇದ್ದರೆ ಅದರಲ್ಲಿ ಎ1ರಿಂದ ಎ3ರ ತನಕದ ಅಂಕಿ ನೋಡಿ, ಗಣಿಯಿಂದ ಕಾರ್ಖಾನೆಯ ಬಾಗಿಲ ತನಕ ಆದದ್ದು ಅದು. ಡಿ ಎಂಬ ಸಾಲಿನಲ್ಲಿ ಮುಂದೆ ಕರಗಿಸಿದಾಗ ಬರುವ ಪುಣ್ಯ ಇರುತ್ತದೆ, ಅದನ್ನು ಇದರಿಂದ ಕಳೆಯಬೇಡಿ ಎಂದೆ. "ಅಂಗಡಿಯವನಿಗೆ ಇದು ಗೊತ್ತಿರಲ್ಲಮ್ಮ" ಅಂದರು. ಗೊತ್ತಿರಲಿಕ್ಕಿಲ್ಲ. ಹತ್ತು ಜನ ಕೇಳಿದರೆ ಅವರೂ ಮೇಲಿನವರನ್ನು ಕೇಳುತ್ತಾರೆ.

ಎಲ್ಲ ಮುಗಿದು ನಾನು ಪೊಟ್ಟಣ ಕಟ್ಟುತ್ತಿರುವಾಗ, ಹಿಂದಿನ ಸಾಲಿನಲ್ಲಿ ಕೂತಿದ್ದ ಮೇಸ್ತ್ರಿಯೊಬ್ಬರು ಬಂದು ಕಂಬಿ ಕೈಗೆತ್ತಿಕೊಂಡರು. ಬೆಳಕಿಗೆ ತಿರುಗಿಸಿ, ಮೈಮೇಲಿನ ಅಚ್ಚು ಓದಿ, "500 ಡಿ" ಅಂದರು. ತುದಿ ನೋಡಿ, "ಇದು ಕಟಿಂಗ್ ಪೀಸು, ಮೇಡಂ. ಸೈಟಲ್ಲಿ ಬಿದ್ದಿದ್ದು ತಾನೆ?" ಎಂದು ಕೇಳಿದರು. ಹೌದೆಂದೆ. ಅವರು ಹೇಳಿದ್ದು ಇಷ್ಟು: ಕಂಬಿ ಬರುವುದು 12 ಮೀಟರ್ ಉದ್ದ. ಡ್ರಾಯಿಂಗಿನಲ್ಲಿ 2.8 ಮೀಟರ್ ಎಂದು ಬರೆದರೆ ನಾಲ್ಕು ತುಂಡು ಬಂದು 80 ಸೆಂಟಿಮೀಟರ್ ಮಿಗುತ್ತದೆ. ಒಂದೊಂದು ಕಂಬಿಯಲ್ಲೂ ಅಷ್ಟು. "ಬರೆಯೋಕೆ ಮುಂಚೆ ಒಂದು ಮಾತು ನಮ್ಮನ್ನ ಕೇಳಿದ್ರೆ, ಯಾವ ತುಂಡು ಎಲ್ಲಿಗೆ ಬರುತ್ತೆ ಅಂತ ಮೊದಲೇ ಜೋಡಿಸ್ಕೊಂಡು ಕತ್ತರಿಸ್ತೀವಿ. ಗುಜರಿಗೆ ಹೋಗೋದು ಅರ್ಧಕ್ಕರ್ಧ ನಿಲ್ಲುತ್ತೆ." ನಾನು ನನ್ನ ಪುಸ್ತಕ ತೆಗೆದು ಅದನ್ನು ಬರೆದುಕೊಂಡೆ. 12ಕ್ಕೆ 0.8, ನೂರಕ್ಕೆ ಆರೂವರೆಗಿಂತ ಹೆಚ್ಚು.

"ಇದು ನಿಮಗಿನ್ನೂ ಬೇಕಾ?" ಎಂದು ಕಂಬಿ ತೋರಿಸಿದರು. ಬೇಡ ಎಂದೆ.

"ಹಾಗಾದ್ರೆ ಕೊಡಿ. ಬಚ್ಚಲ ವೆಂಟಿಲೇಟರ್ ಲಿಂಟಲ್‌ಗೆ ಸರಿಹೋಗುತ್ತೆ" ಎಂದು ಅದನ್ನು ಹೆಗಲಿಗೆ ಒರಗಿಸಿಕೊಂಡು ಹೊರಟರು.